ಹರಳು ಚೆದುರಿಸಿದ ಕಿರಣ

ಭಾಲ್ಕಿಯಿಂದ ಬೀದರಿಗೆ ಹೋಗುವ ಬೆಳಗಿನ ರೈಲಿನಲ್ಲಿ ನನಗೆ ಕಿಟಕಿಯ ಪಕ್ಕವೇ ಬೇಕು. ಅದಕ್ಕಾಗಿ ಜಗಳ ಮಾಡಿದ್ದೂ ಉಂಟು. ಊರು ದಾಟಿದ ಮೇಲೆ ತೊಗರಿ ಹೊಲಗಳು ಶುರುವಾಗುತ್ತವೆ. ನಮ್ಮ ಕಡೆ ಈಗ ಹಗ್ಗ ಹಿಡಿದು ಚೌಕಕ್ಕೆ ಚೌಕ ತೊಗರಿ ನಾಟಿ ಮಾಡುವವರಿದ್ದಾರೆ. ಅಂಥ ಹೊಲ ಬಂದರೆ ನಾನು ಮಾತು ನಿಲ್ಲಿಸುತ್ತೇನೆ. ರೈಲು ಓಡುತ್ತಿದ್ದಂತೆ ಗಿಡಗಳ ನಡುವಿನ ಓಣಿಗಳು ಒಮ್ಮೆಲೇ ತೆರೆದುಕೊಂಡು ಹೊಲದ ಆಚೆ ಬದುವಿನ ತನಕ ನೆಲ ಕಾಣುತ್ತದೆ. ಮರುಕ್ಷಣ ಎಲ್ಲ ಕಲಸಿಹೋಗಿ ಬರಿ ಹಸಿರು. ಇನ್ನಷ್ಟು ಮುಂದೆ ಹೋದರೆ ಓರೆಯಾಗಿ ಬೇರೆ ಸಾಲುಗಳು ತೆರೆಯುತ್ತವೆ, ಅವುಗಳ ಓಣಿ ಮೊದಲಿನದಕ್ಕಿಂತ ಇಕ್ಕಟ್ಟು. ಗಿಡಗಳು ಇದ್ದಲ್ಲೇ ಇರುತ್ತವೆ.

ಹರಳುಗಳ ಒಳಗೂ ಹೀಗೇ. ಅಣುಗಳು ನಾಟಿ ಮಾಡಿದಂತೆ ಕೂತಿರುತ್ತವೆ. ಅದಕ್ಕೆ ಜಾಲಕ ಎನ್ನುತ್ತಾರೆ. ಯಾವ ಕಡೆಯಿಂದ ನೋಡಿದರೆ ಯಾವ ಸಾಲು ತೆರೆಯುತ್ತದೆ ಎಂದು ಲೆಕ್ಕ ಇಡಲು ಭೌತವಿಜ್ಞಾನದವರು ಒಂದು ಉಪಾಯ ಮಾಡಿದ್ದಾರೆ. ಒಂದೊಂದು ಬಗೆಯ ಸಾಲಿಗೆ ಒಂದೊಂದು ಚುಕ್ಕೆ. ಸಾಲುಗಳು ಒತ್ತೊತ್ತಾಗಿದ್ದರೆ ಚುಕ್ಕೆಯನ್ನು ದೂರ ಇಡಬೇಕು, ಅಗಲವಾಗಿದ್ದರೆ ಹತ್ತಿರ ಇಡಬೇಕು. ಆ ಚುಕ್ಕೆಗಳನ್ನೆಲ್ಲ ಕೂಡಿಸಿದರೆ ಇನ್ನೊಂದು ಜಾಲಕ ಆಗುತ್ತದೆ. ಅದೇ ರೆಸಿಪ್ರೋಕಲ್ ಲ್ಯಾಟಿಸ್, ಕನ್ನಡದಲ್ಲಿ ವ್ಯುತ್ಕ್ರಮ ಜಾಲಕ. ಅಲ್ಲಿ ಸಣ್ಣದು ದೊಡ್ಡದು, ಹತ್ತಿರದ್ದು ದೂರ. ಹರಳಿಗೆ ಎಕ್ಸ್‌ರೇ ಬಿಟ್ಟರೆ ನಮ್ಮ ಕೈಗೆ ಸಿಗುವುದು ಈ ಚುಕ್ಕೆಗಳು ಮಾತ್ರ. ಹರಳು ಹೇಗಿದೆ ಎಂಬುದನ್ನು ಅವುಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಹೇಳಬೇಕು. ಎಂ.ಎಸ್ಸಿ.ಯಲ್ಲಿ ಈ ಪಾಠ ಬಂದಾಗ ನನಗೆ ಜ್ವರ ಬಂದಿತ್ತು. ಸುಳ್ಳಲ್ಲ, ಖರೇ ಜ್ವರ. ಆಮೇಲೆ ಅದೇ ಪಾಠ ನನಗೆ ಅನ್ನ ಹಾಕಿತು.

ಬೀದರಿನ ಹೊರಗೆ ಕೈಗಾರಿಕಾ ಪ್ರದೇಶದಲ್ಲಿ ಔಷಧ ತಯಾರಿಸುವ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಬಿಳಿ ಪುಡಿ ಬರುತ್ತದೆ. ಒಂದೇ ಔಷಧದ ಅಣುಗಳು ಎರಡು ರೀತಿಯಲ್ಲಿ ಕೂತುಕೊಳ್ಳಬಲ್ಲವು. ಒಂದು ರೀತಿ ಕೂತರೆ ಗುಳಿಗೆ ಹೊಟ್ಟೆಯಲ್ಲಿ ಕರಗುತ್ತದೆ, ಇನ್ನೊಂದು ರೀತಿ ಕೂತರೆ ನುಂಗಿದ್ದು ನುಂಗಿದ ಹಾಗೇ ಹೊರಗೆ ಹೋಗುತ್ತದೆ. ಯಾವುದು ಯಾವ ರೀತಿ ಎಂದು ಎಕ್ಸ್‌ರೇ ಯಂತ್ರದಲ್ಲಿ ಇಟ್ಟು ನಾನು ಹೇಳಬೇಕು. ಒಮ್ಮೆ ಅತ್ತೆ ಕೇಳಿದ್ದರು: “ಆ ಮಷೀನದಾಗ ನಿನಗ ಅಣು ಕಾಣಸ್ತಾವೇನು?” ಇಲ್ಲ, ಕಿರಣ ಹೋಗಿ ತಾಗಿ ಚೆದುರಿ ಬರುತ್ತದೆ, ಅದರಿಂದ ಹೇಳುತ್ತೇವೆ ಅಂದೆ. “ಅಂದ್ರ ನೋಡಲಾರದೇ ಹೇಳ್ತೀರಿ,” ಅಂದರು ಅತ್ತೆ. ನನಗೆ ಸಿಟ್ಟು ಬಂದಿತ್ತು.

ನಾನು ಹುಟ್ಟು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ನನ್ನ ತವರು. ಅಲ್ಲಿ ಮಳೆಗಾಲದಲ್ಲಿ ಹಗ್ಗ ಕಂಡರೂ ದಾಟುತ್ತಿರಲಿಲ್ಲ. ನಮ್ಮದು ಬೌದ್ಧರ ಮನೆ, ಭಾಲ್ಕಿಯ ಗಂಡನ ಮನೆಯೂ ಅದೇ. ಎರಡೂ ಕಡೆ ಗ್ರಹಣ, ರಾಹುಕಾಲ, ಶಕುನ ಇವನ್ನೆಲ್ಲ ಬಿಟ್ಟು ಒಂದು ತಲೆಮಾರು ದಾಟಿದೆ. ಗ್ರಹಣದ ಹೊತ್ತಿನಲ್ಲೇ ಅಂಗಳದಲ್ಲಿ ಕೂತು ಊಟ ಮಾಡಿಸಿದವರು ನಮ್ಮಪ್ಪ. ಆದರೆ ಒಂದು ಮಾತ್ರ ಯಾರೂ ಬಿಟ್ಟಿರಲಿಲ್ಲ. ಬಸಿರಾದರೆ ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬಾರದು. ಬಿಟ್ಟರೆ ನಜರು, ಕೆಟ್ಟ ಕಣ್ಣು, ತಾಗುತ್ತದೆ.

ಮೊದಲ ಸಲ ನಾನು ಈ ಮಾತಿಗೆ ನಕ್ಕಿದ್ದೆ. ಗೊತ್ತಾದ ದಿನವೇ ಎಲ್ಲರಿಗೂ ಹೇಳಿದೆ. ಅತ್ತೆ ಖುಷಿಯಿಂದ ಓಣಿಗೆಲ್ಲ ಪೇಢಾ ಹಂಚಿದರು. ಪೇಢಾದ ಡಬ್ಬಿ ಇನ್ನೂ ಅಡುಗೆಮನೆಯಲ್ಲಿ ಇರುವಾಗಲೇ ಆ ಬಸಿರು ಹೋಯಿತು. ಅದಕ್ಕೂ ಪೇಢಾಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೂ ಎರಡನೆಯ ಸಲ ಗಂಡನಿಗೊಬ್ಬನಿಗೆ ಹೇಳಿ, ಬೇರೆ ಯಾರಿಗೂ ಹೇಳಕೂಡದು ಎಂದು ಅವನ ಕೈಯಿಂದ ಆಣೆ ಹಾಕಿಸಿಕೊಂಡೆ. ಪ್ರಯೋಗಾಲಯದಲ್ಲೂ ಹೇಳಲಿಲ್ಲ. ಬಸುರಿ ಎಂದು ತಿಳಿಸಿದರೆ ಎಕ್ಸ್‌ರೇ ಕೋಣೆಯ ಕೆಲಸ ಬಿಡಿಸಿ ಬೇರೆ ಕಡೆ ಹಾಕುವುದು ಅಲ್ಲಿನ ನಿಯಮ. ಆದರೆ ಯಂತ್ರ ದಪ್ಪ ಪೆಟ್ಟಿಗೆಯ ಒಳಗಿದೆ, ಬಾಗಿಲು ತೆಗೆದರೆ ಕಿರಣದ ಕಂಡಿ ತಾನೇ ಮುಚ್ಚಿಕೊಳ್ಳುತ್ತದೆ, ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಆಗಿಲ್ಲ. ಮೂರು ತಿಂಗಳು ತುಂಬಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಆಗ ಯಂತ್ರದ ರಿಪೇರಿಗೆ ಹೊರಗಿನಿಂದ ಒಬ್ಬ ಎಂಜಿನಿಯರ್ ಬಂದು ಹೋಗಿದ್ದ. ಕಿರಣ ನೇರ ಬರುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಬಾಗಿಲು ತೆರೆದಿಟ್ಟುಕೊಂಡೇ ಕಿರಣ ಬಿಡಬೇಕಾಗುತ್ತದೆ. ಅವನು ಹಾಗೆ ಮಾಡಿ, ರೈಲಿಗೆ ಹೊತ್ತಾಯಿತು ಎಂದು ಗಡಬಡಿಸಿ ಹೊರಟಿದ್ದ. ಅವನು ಹೋದ ಮೇಲೆ ವಾರಕ್ಕೂ ಮಿಕ್ಕಿ ನಾನು ದಿನಾ ಆ ಯಂತ್ರದಲ್ಲಿ ಕೆಲಸ ಮಾಡಿದೆ. ಬಾಗಿಲು ತೆಗೆಯುವುದು, ಪುಡಿ ಬದಲಿಸುವುದು, ಬಾಗಿಲು ಹಾಕುವುದು. ಪುಡಿಯ ತಟ್ಟೆ ಸರಿಯಾಗಿ ನನ್ನ ಹೊಟ್ಟೆಯ ಮಟ್ಟಕ್ಕೆ ಬರುತ್ತದೆ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಬೀದರಿನಲ್ಲಿ ಇದೇನು ಹೊಸತಲ್ಲ. ಯಂತ್ರಕ್ಕೆ ಬ್ಯಾಟರಿ ಇರುವುದರಿಂದ ಅದು ನಡೆಯುತ್ತಲೇ ಇತ್ತು, ದೀಪಗಳಷ್ಟೇ ಆರಿದವು. ಏಸಿಯ ತಂಪು ಹೋಗಬಾರದೆಂದು ಕಿಟಕಿಗಳಿಗೆಲ್ಲ ಕಪ್ಪು ಹಾಳೆ ಅಂಟಿಸಿದ್ದರು. ಹಗಲಿನಲ್ಲೇ ಕತ್ತಲು. ನಾನು ಪುಡಿ ಬದಲಿಸಲೆಂದು ತಡವರಿಸುತ್ತ ಬಾಗಿಲು ತೆಗೆದೆ. ಒಳಗೆ, ತಟ್ಟೆಯ ಆಚೆ ಬದಿಗೆ, ಅಂಗಿಯ ಗುಂಡಿಯಷ್ಟು ಗಾತ್ರದ ಹಸಿರು ಬೆಳಕು ಹೊಳೆಯುತ್ತಿತ್ತು.

ಒಂದು ಗಳಿಗೆ ಅದನ್ನು ಚೆಂದ ಎಂದು ನೋಡಿದೆ. ಆಮೇಲೆ ಅದು ಏನೆಂದು ಹೊಳೆಯಿತು. ಎಕ್ಸ್‌ರೇ ಬಿದ್ದರೆ ಮಾತ್ರ ಹೊಳೆಯುವ ಬಿಲ್ಲೆ ಅದು. ಎಂಜಿನಿಯರ್ ಪರೀಕ್ಷೆಗೆಂದು ಅಂಟಿಸಿ ಮರೆತು ಹೋಗಿದ್ದ. ದೀಪ ಇದ್ದಾಗ ಮಾಸಲು ಬಿಳಿ ತುಂಡಿನ ಹಾಗೆ ಕಾಣುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಾಗಿಲು ತೆರೆದಿದೆ, ನಾನು ಎದುರಿಗೆ ನಿಂತಿದ್ದೇನೆ, ಕಿರಣ ಹರಿಯುತ್ತಲೇ ಇದೆ. ಬಾಗಿಲು ಎಳೆದುಕೊಂಡೆನೋ ದೂಡಿದೆನೋ ನೆನಪಿಲ್ಲ. ಕಾಲುಗಳು ಮಾತ್ರ ತಮ್ಮಷ್ಟಕ್ಕೆ ಹಿಂದೆ ಸರಿದು ಗೋಡೆಗೆ ತಾಗಿ ನಿಂತವು.

ನನ್ನ ಜೊತೆ ಆ ಕೋಣೆಯಲ್ಲಿ ಕೆಲಸ ಮಾಡುವವರು ಒಬ್ಬರು ಹಿರಿಯರು, ಬೀದರಿನ ಹಳೆಯ ಕೋಟೆಯೊಳಗಿನ ಓಣಿಯವರು. ರಸಾಯನವಿಜ್ಞಾನ ಓದಿದವರು. ಎಲ್ಲರಿಗೂ ಅವರು ಭಾಯಿ, ನನಗೂ ಭಾಯಿ. ನನ್ನ ಕೂಗು ಕೇಳಿ ಓಡಿ ಬಂದು ಯಂತ್ರ ಆರಿಸಿ, ಟಾರ್ಚ್ ಹಿಡಿದು ಹುಡುಕಿದರು. ಬಾಗಿಲಿನ ಚೌಕಟ್ಟಿನಲ್ಲಿ, ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂದು ಯಂತ್ರಕ್ಕೆ ತಿಳಿಸುವ ಸ್ವಿಚ್ಚಿನ ಮೇಲೆ, ಒಂದು ಪುಟ್ಟ ಅಯಸ್ಕಾಂತ ಕೂತಿತ್ತು. ಬಾಗಿಲು ಯಾವಾಗಲೂ ಮುಚ್ಚಿದೆ ಎಂದು ಅದು ಯಂತ್ರಕ್ಕೆ ಸುಳ್ಳು ಹೇಳುತ್ತಿತ್ತು. ಕಂಡಿ ತೆರೆದಿದೆ ಎಂದು ತೋರಿಸುವ ಹಳದಿ ದೀಪ ಕೆಟ್ಟು ಎಷ್ಟೋ ತಿಂಗಳಾಗಿತ್ತು. ಬಾಗಿಲು ತಾನೇ ನೋಡಿಕೊಳ್ಳುತ್ತದೆ ಎಂದು ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ.

“ಯಾ ಅಲ್ಲಾ,” ಅಂದರು ಭಾಯಿ. ತಮ್ಮ ಬೆರಳುಗಳನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿಕೊಂಡರು. ಅವರೂ ಅಲ್ಲಿ ಕೈ ಹಾಕುತ್ತಿದ್ದರು. “ಮೇಡಂ, ನಿಮ್ಮ ಕೈ ತೋರಸ್ರಿ.” ಕೈ ತೋರಿಸಿದೆ. ಕೆಂಪಾಗಿರಲಿಲ್ಲ, ಸುಟ್ಟಿರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಇಬ್ಬರೂ ಪರಸ್ಪರ ಬೆರಳು ನೋಡುವುದೇ ಒಂದು ಕೆಲಸವಾಯಿತು. ಅವರು ಬೆರಳು ನೋಡಿ ಸಮಾಧಾನ ಪಡುತ್ತಿದ್ದರು. ನನಗೆ ಬೇಕಾದದ್ದು ಬೆರಳಿನ ಸುದ್ದಿಯಾಗಿರಲಿಲ್ಲ.

ಮ್ಯಾನೇಜರ್ ಸಾಹೇಬರು ಅಯಸ್ಕಾಂತ ತೆಗೆಸಿದರು, ದೀಪ ಹಾಕಿಸಿದರು. “ನಿಮ್ಮ ಬ್ಯಾಡ್ಜ್ ಕಳಸ್ತೇವಿ, ಅದರಾಗ ಎಲ್ಲಾ ಗೊತ್ತಾಗ್ತದ,” ಅಂದರು. ಮೈಗೆ ಎಷ್ಟು ಕಿರಣ ತಾಗಿದೆ ಎಂದು ಅಳೆಯಲು ನಾವೆಲ್ಲ ಕೋಟಿಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ ಅದು. ನನ್ನದು ಕಾಲರಿನ ಹತ್ತಿರ ಇರುತ್ತಿತ್ತು. ಕಾಲರಿನ ಸುದ್ದಿ ಹೇಳುವ ಬ್ಯಾಡ್ಜಿಗೆ ಹೊಟ್ಟೆಯ ಸುದ್ದಿ ಹೇಗೆ ಗೊತ್ತಾಗಬೇಕು? ಇದನ್ನು ಸಾಹೇಬರಿಗೆ ಕೇಳಬೇಕೆಂದರೆ ಹೊಟ್ಟೆಯ ಮಾತು ಯಾಕೆ ಎಂದು ಹೇಳಬೇಕಾಗುತ್ತದೆ. ಹೂಂ ಅಂದು ಬಂದೆ.

ಆ ದಿನಗಳಲ್ಲಿ ನಾನು ಮಾಡಿದಷ್ಟು ಲೆಕ್ಕವನ್ನು ಪರೀಕ್ಷೆಗೂ ಮಾಡಿರಲಿಲ್ಲ. ನೇರ ಕಿರಣ ಪೆಟ್ಟಿಗೆಯೊಳಗೆ ಎಡದಿಂದ ಬಲಕ್ಕೆ ಹೋಗುತ್ತದೆ. ನಾನು ನಿಲ್ಲುವುದು ಅದರ ಪಕ್ಕದಲ್ಲಿ. ಹಾಗಾಗಿ ನೇರ ಕಿರಣ ನನಗೆ ತಾಗಿಲ್ಲ. ತಾಗಿದ್ದರೆ ಪುಡಿಯಿಂದ ಚೆದುರಿದ್ದು ತಾಗಿರಬೇಕು. ಒಂದೇ ದೊಡ್ಡ ಹರಳಾಗಿದ್ದರೆ ಕಿರಣ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಹೋಗಿಬಿಡುತ್ತದೆ. ಪುಡಿ ಹಾಗಲ್ಲ. ಅದರ ಕಣಗಳು ಎಲ್ಲ ದಿಕ್ಕಿಗೂ ಮುಖ ಮಾಡಿರುವುದರಿಂದ ಒಂದೊಂದು ಚುಕ್ಕೆಯೂ ತಿರುಗಿ ತಿರುಗಿ ಬಿಚ್ಚಿದ ಛತ್ರಿಯ ಹಾಗೆ ಹರಡುತ್ತದೆ. ಯಾವ ಛತ್ರಿ ತೆರೆದ ಬಾಗಿಲಿನಿಂದ ಹೊರಗೆ ಬಂದು ನನ್ನ ಹೊಟ್ಟೆಗೆ ತಾಗಿತು? ರೈಲಿನಲ್ಲಿ ಕೂತು ವ್ಯುತ್ಕ್ರಮ ಜಾಲಕವನ್ನು ಬಿಡಿಸಿದೆ. ಕಿರಣಕ್ಕೆ ಅಡ್ಡಡ್ಡ, ತೊಂಬತ್ತು ಡಿಗ್ರಿಯ ಆಸುಪಾಸಿನಲ್ಲಿ ಹೊರಟದ್ದು ಮಾತ್ರ ನನ್ನ ಕಡೆಗೆ ಬರುತ್ತದೆ. ಒಂದೊಂದು ಛತ್ರಿಯೂ ಯಂತ್ರದ ನಕ್ಷೆಯಲ್ಲಿ ಒಂದೊಂದು ಗೆರೆಯಾಗಿ ಬೀಳುತ್ತದೆ, ನಮ್ಮ ಔಷಧದ ಹರಳಿಗೆ ಅಲ್ಲಿ ಬಲವಾದ ಗೆರೆಯೇ ಇಲ್ಲ. ಅರ್ಧ ಉಸಿರು ಬಂತು. ಆಮೇಲೆ ನೆನಪಾಯಿತು: ದಿನಾ ಬೆಳಿಗ್ಗೆ ಯಂತ್ರ ಸರಿಯಿದೆಯೇ ಎಂದು ನೋಡಲು ನಾನು ಮೊದಲು ಇಡುವುದು ಸಿಲಿಕಾನ್ ಪುಡಿ. ಸಿಲಿಕಾನಿಗೆ ಎಂಬತ್ತೆಂಟು ಡಿಗ್ರಿಗೆ ಒಂದು ಒಳ್ಳೆಯ ಗೆರೆ ಇದೆ. ಎಷ್ಟು ಸಲ ಆ ಗೆರೆಯನ್ನು ಕಂಡು ಭಲೇ ಅಂದಿದ್ದೆನೋ. ಈಗ ಆ ಗೆರೆಯ ದಾರಿಯಲ್ಲಿ ನಾನೇ ನಿಂತಿದ್ದೆ.

ಈ ಕಿರಣ ಮೆತ್ತನೆಯದು, ಚರ್ಮದಲ್ಲೇ ಕೆಲವು ಮಿಲಿಮೀಟರಿನಲ್ಲಿ ಇಂಗಿಹೋಗುತ್ತದೆ, ಗರ್ಭದ ತನಕ ಮುಟ್ಟುವುದಿಲ್ಲ. ಇದೂ ನನಗೆ ಗೊತ್ತಿತ್ತು. ಪುಸ್ತಕದಲ್ಲಿದೆ, ಸೂತ್ರದಲ್ಲಿದೆ. ಆದರೆ ಹೆದರಿಕೆ ಪುಸ್ತಕ ಓದುವುದಿಲ್ಲ. ಪುಡಿಯ ಕಣ ಸಣ್ಣದಾದಷ್ಟೂ ಅದರ ಗೆರೆ ಅಗಲವಾಗುತ್ತದೆ ಎಂಬುದು ನಮ್ಮ ವಿದ್ಯೆಯ ಮೊದಲ ಪಾಠ. ನನ್ನೊಳಗಿದ್ದದ್ದು ಆಗ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಅದರ ಹೆದರಿಕೆ ಮಾತ್ರ ನಾನು ಹೋದಲ್ಲೆಲ್ಲ ಹರಡಿಕೊಂಡಿತ್ತು. ಸ್ಟೇಷನ್ನಿನಲ್ಲಿ, ಸಂತೆಯಲ್ಲಿ, ಸ್ನಾನ ಮಾಡುವಾಗ ಕೂಡ.

ಬೀದರಿನಲ್ಲಿ ಹೆರಿಗೆ ಮಾಡಿಸುವ ಡಾಕ್ಟರ್ ಬಾಯಿಯವರ ಹತ್ತಿರ ಗಂಡನೊಂದಿಗೆ ಹೋದೆ. ಒಳ್ಳೆಯವರೇ. ಎಕ್ಸ್‌ರೇ ಅಂದ ಕೂಡಲೇ ಕನ್ನಡಕ ತೆಗೆದಿಟ್ಟರು.

“ಎಷ್ಟು ತಾಗ್ಯಾದ?”

“ಗೊತ್ತಿಲ್ರಿ. ಬಹಳ ಕಮ್ಮಿ ಇರಬೇಕ್ರಿ.”

“ಇರಬೇಕು ಅಂದ್ರ ಹ್ಯಾಂಗ್ರಿ? ನಿಮ್ಮ ಮಷೀನ್ ನನಗ ಗೊತ್ತಿಲ್ಲ. ಈಗ ಎಲ್ಲಾ ಅಂಗ ಕೂಡೂ ಹೊತ್ತು. ಖಾತ್ರಿ ಇಲ್ಲಂದ್ರ ಈ ಸಲ ತೆಗಸೋದೇ ಛಲೋ. ಆದ್ರ ಲಗೂ ಹೇಳ್ರಿ. ಮುಂದ ತಡಾ ಆಗ್ತದ.”

ಹೊರಗೆ ಬಂದ ಮೇಲೆ ಗಂಡ ಸ್ಕೂಟರಿನ ಚಾವಿ ಕೈಯಲ್ಲಿ ತಿರುಗಿಸುತ್ತ ನಿಂತ. ಆಮೇಲೆ, “ಈ ವಿದ್ಯಾ ಓದಿದಾಕಿ ನೀನು. ನೀ ಏನಂತಿ ಅದೇ,” ಅಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಇಟ್ಟುಕೊಂಡರೆ, ನಾಳೆ ಏನಾದರೂ ಊನ ಕಂಡರೆ, ಅದು ನಾನು ಮಾಡಿದ್ದು. ತೆಗೆಸಿದರೆ, ಅದಕ್ಕೆ ಏನೂ ಆಗಿರದಿದ್ದರೆ, ಅದೂ ನಾನು ಮಾಡಿದ್ದು. ಅತ್ತ ದರಿ ಇತ್ತ ಪುಲಿ ಎಂಬ ಮಾತನ್ನು ಎಷ್ಟು ಹಗುರವಾಗಿ ಆಡಿದ್ದೆ ಎಂದು ಅವತ್ತು ತಿಳಿಯಿತು.

ಮರುದಿನ ಭಾನುವಾರ ಔರಾದಿಗೆ ಬಸ್ ಹತ್ತಿದೆ. ಅಲ್ಲಿಂದ ಚಿಂತಾಕಿ. ಆಯಿ, ನನ್ನ ತಾಯಿ, ಹೊಲದಲ್ಲಿ ಸೋಯಾದ ಕಳೆ ತೆಗೆಯುತ್ತಿದ್ದಳು. ಬದುವಿನ ಮೇಲೆ ಕೂತು, ಮೂರು ತಿಂಗಳ ಮಾತನ್ನೂ ಮುರಿದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಆ ಕಿರಣ ಅಷ್ಟು ಒಳಗೆ ಹೋಗುವುದಿಲ್ಲ, ಲೆಕ್ಕದ ಪ್ರಕಾರ ಏನೂ ಆಗಿರಲಿಕ್ಕಿಲ್ಲ ಎಂದೂ ಹೇಳಿದೆ. ಅವಳು ನನ್ನನ್ನು ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ.

ಆಯಿ ಕಳೆ ಕೀಳುವ ಕುರುಪಿಯ ಮಣ್ಣು ಒರೆಸುತ್ತ ಕೇಳಿದಳು: “ಪೋರಿ, ಏನೂ ಮಾಡಂಗಿಲ್ಲ ಅಂದ್ರ ಅದನ್ನ ಅಷ್ಟು ದಪ್ಪ ಪೆಟ್ಟಿಗ್ಯಾಗ ಯಾಕ ಇಟ್ಟಾರ?”

ನನ್ನ ಹತ್ತಿರ ಉತ್ತರ ಇತ್ತು. ಕೈಗೆ, ಕಣ್ಣಿಗೆ ಅಪಾಯ, ನೇರ ಕಿರಣ ಬೇರೆ, ಚೆದುರಿದ್ದು ಬೇರೆ. ಹೇಳುತ್ತ ಹೋದಂತೆ ಅದು ನನಗೇ ನೆಪದ ಹಾಗೆ ಕೇಳಿಸಿತು. ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟು, “ನಮಗೇನು ತಿಳೀತದವ್ವಾ. ನೀ ಹೇಳಿದ್ದೇ ಖರೇ,” ಅಂದಳು. ಅವಳೂ ಅದನ್ನೇ ಅಂದಳು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಒಂದು ಸ್ಪಷ್ಟವಾಯಿತು. ಲೆಕ್ಕ ಸಾಲದು. ನೋಡಲಾರದೇ ಹೇಳುವುದರಿಂದ ಈ ಸಲ ಆಗುವುದಿಲ್ಲ. ಅಳೆದು ನೋಡಬೇಕು.

ಸೋಮವಾರ ಭಾಯಿಯನ್ನು ಒಂದು ಬದಿಗೆ ಕರೆದೆ.

“ಭಾಯಿ, ನಾಳಿ ಬರೂಮುಂದ ಒಂದು ತುಂಡು ಮಟನ್ ತರ್ತೀರೇನ್ರಿ?”

“ಯಾಕ್ರಿ ಮೇಡಂ, ದಾವತ್ ಅದ ಏನು?”

“ಅಡಗಿಗಿ ಅಲ್ರಿ. ಮಷೀನಿಗಿ. ಎಲುಬು ಬ್ಯಾಡ, ಕೊಬ್ಬು ಇದ್ದದ್ದು. ಹೊಟ್ಟಿ ಕಡೀದು.”

ಭಾಯಿ ನಗಲು ಬಾಯಿ ತೆರೆದವರು, “ಎಷ್ಟು ದಪ್ಪ?” ಎಂದು ಕೇಳಿದರು. ನಾನು ಮಾತಿನಲ್ಲಿ ಹೇಳುವ ಮೊದಲೇ ನನ್ನ ಕೈ ಹೊಟ್ಟೆಯ ಮೇಲೆ ಹೋಗಿ ಎರಡು ಬೆರಳಿನ ಅಳತೆ ತೋರಿಸಿತು. ಅವರು ಆ ಕೈಯನ್ನು ನೋಡಿದರು. ಕೂಡಲೇ ದೃಷ್ಟಿ ಬೇರೆ ಕಡೆ ತಿರುಗಿಸಿದರು. ಅವರ ಮುಖದ ಬಣ್ಣ ಇಳಿದುಹೋಯಿತು. “ತರ್ತೇನಿ ಬೆಹೆನ್,” ಅಂದರು. ಅಲ್ಲಿಯ ತನಕ ನಾನು ಅವರಿಗೆ ಮೇಡಂ ಆಗಿದ್ದೆ.

ಮಂಗಳವಾರ ಊಟದ ಬಿಡುವಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡೆವು. ಯಂತ್ರದಿಂದ ಕಿರಣ ಸೋರಿದರೆ ಟಿಕ್ ಟಿಕ್ ಎಂದು ಸದ್ದು ಮಾಡುವ ಒಂದು ಕೈಮೀಟರ್ ನಮ್ಮಲ್ಲಿದೆ. ಅದನ್ನು ಸ್ಟೂಲಿನ ಮೇಲೆ, ನನ್ನ ಹೊಟ್ಟೆ ಇರುತ್ತಿದ್ದ ಜಾಗದಲ್ಲಿ, ಅಷ್ಟೇ ಎತ್ತರಕ್ಕೆ ಕಟ್ಟಬೇಕು. ತಟ್ಟೆಯಲ್ಲಿ ಸಿಲಿಕಾನ್ ಪುಡಿ. ಬಾಗಿಲು ತೆರೆದು, ಆ ಅಯಸ್ಕಾಂತವನ್ನು ಮತ್ತೆ ಸ್ವಿಚ್ಚಿನ ಮೇಲೆ ಇಡಬೇಕು. ಅದು ಭಾಯಿಯ ಹತ್ತಿರವೇ ಇತ್ತು, ಬೆಂಕಿಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದರು. ಅವರು ಅದನ್ನು ಹೊರಗೆ ತೆಗೆದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ನೀವು ಈ ಕ್ವಾಣ್ಯಾಗ ಇರಬ್ಯಾಡ್ರಿ. ಕಂಪ್ಯೂಟರ್ ಕಡಿ ಹೋಗ್ರಿ,” ಅಂದರು. ಕಂಪ್ಯೂಟರ್ ಇರುವುದು ಗೋಡೆಯ ಆಚೆ. ಅವರು ತಮ್ಮ ಫೋನನ್ನು ಮೀಟರಿನ ಪಕ್ಕ ಇಟ್ಟು ನನಗೆ ಕರೆ ಮಾಡಿ, ಎಲ್ಲ ಸಜ್ಜು ಮಾಡಿ, ತಾವೂ ಓಡಿ ಬಂದು ನನ್ನ ಪಕ್ಕ ನಿಂತರು. ಕಂಡಿ ತೆರೆಯುವ ಗುಂಡಿಯನ್ನು ನಾನೇ ಒತ್ತಬೇಕು ಎಂದು ಹಟ ಮಾಡಿದ್ದೆ. ಒತ್ತುವ ಮೊದಲು ಎರಡು ಸಲ ಕೈ ಹಿಂದಕ್ಕೆ ತೆಗೆದೆ.

ಮೊದಲು ಮಾಂಸ ಇಲ್ಲದೆ. ಫೋನಿನಲ್ಲಿ ಸದ್ದು ಬಂತು. ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಚಟಪಟ. ಇದು ನನ್ನ ಮೇಲೆ ಬಿದ್ದದ್ದು. ವಾರಕ್ಕೂ ಮಿಕ್ಕಿ ದಿನಾ, ನಾನು ಪುಡಿ ಬದಲಿಸುತ್ತ, ಒಮ್ಮೊಮ್ಮೆ ಭಾಯಿಯ ಜೊತೆ ಹರಟುತ್ತ, ಈ ಸದ್ದಿನ ಎದುರು ನಿಂತಿದ್ದೆ. “ಬಂದ್ ಮಾಡ್ರಿ, ಬಂದ್ ಮಾಡ್ರಿ,” ಎಂದು ನಾನೇ ಕೂಗಿ ನಾನೇ ಗುಂಡಿ ಒತ್ತಿದೆ.

ಭಾಯಿ ಒಳಗೆ ಹೋಗಿ ಮಾಂಸದ ತುಂಡನ್ನು ತೆಳುವಾದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೀಟರಿನ ಮುಂದೆ ಕಟ್ಟಿ ಬಂದರು. ಮತ್ತೆ ಗುಂಡಿ ಒತ್ತಿದೆ. ಸದ್ದಿಲ್ಲ. ಫೋನ್ ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ ಒಂದು ಟಿಕ್. ಸುಮಾರು ಹೊತ್ತು ಬಿಟ್ಟು ಇನ್ನೊಂದು.

“ನೋಡ್ರಿ, ಏನೂ ಇಲ್ಲ!” ಅಂದರು ಭಾಯಿ.

“ಒಂದು ಟಿಕ್ ಬಂತಲ್ರೀ. ಅದು ಯಾಕ ಬಂತು?”

ಒಂದು ಟಿಕ್ ಎಂದರೂ ಒಂದು ಕಿರಣ ಆ ಮಾಂಸವನ್ನು ದಾಟಿ ಬಂದಿರಬಹುದು. ಭಾಯಿ ಒಳಗೆ ಹೋಗಿ ಯಂತ್ರವನ್ನೇ ಪೂರ್ತಿ ಆರಿಸಿ ಬಂದರು. “ಈಗ ಮಷೀನ್ ಬಂದ್ ಅದ. ಕೇಳ್ರಿ.” ಇಬ್ಬರೂ ಫೋನಿಗೆ ಕಿವಿ ಹಚ್ಚಿದೆವು. ಟಿಕ್. ಸುಮ್ಮನೆ. ಟಿಕ್. ಅದೇ ಸಾವಕಾಶದ ಸದ್ದು. ಅದು ನೆಲದ ಕಲ್ಲಿನದು, ಆಕಾಶದ್ದು, ಎಲ್ಲ ಕಡೆಯೂ ಎಲ್ಲರ ಮೇಲೂ ಯಾವಾಗಲೂ ಬೀಳುವಂಥದ್ದು. ನಂಬದೆ ಮತ್ತೊಮ್ಮೆ ಮಾಡಿಸಿದೆ. ಆಮೇಲೆ ಇನ್ನೊಮ್ಮೆ. ಕ್ಯಾಂಟೀನಿನಿಂದ ಜನ ಬರುವ ಸದ್ದು ಕೇಳುವ ತನಕ ಮಾಡಿಸಿದೆ. ಭಾಯಿ ಒಮ್ಮೆಯೂ ಬೇಸರ ತೋರಿಸಲಿಲ್ಲ.

ಕಿರಣ ಬಿದ್ದ ಮಾಂಸಕ್ಕೆ ಏನೂ ಆಗುವುದಿಲ್ಲ, ಅಡುಗೆ ಮಾಡಬಹುದು ಎಂದು ನಾನೇ ಅವರಿಗೆ ಹೇಳಿದೆ. ಅವರು ಅದನ್ನು ಮನೆಗೆ ಒಯ್ಯಲಿಲ್ಲ. ನಾನಾಗಿದ್ದರೂ ಒಯ್ಯುತ್ತಿರಲಿಲ್ಲ.

ಆ ಸಂಜೆ ಭಾಲ್ಕಿಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಮಗು ಉಳಿಸಿಕೊಳ್ಳುವುದು ಎಂದು ರೈಲಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

“ಅತ್ತಿ, ನಿಮಗೊಂದು ಹೇಳೂದದರಿ.”

“ಗೊತ್ತದ.” ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಏನು ಗೊತ್ತದರಿ?”

“ಒಗ್ಗರಣಿ ವಾಸನಿಗಿ ದಿನಾ ಹಿತ್ತಲಕ ಓಡ್ತಿ. ಗೊತ್ತಾಗಂಗಿಲ್ಲೇನು? ನಾ ಭೀ ಹಡದಾಕೀನೇ.”

“ಮತ್ತ ಯಾಕ ಏನೂ ಅನ್ನಲಿಲ್ಲರಿ?”

“ಹೋದ ಸಲ ಪೇಢಾ ಹಂಚಿದಾಕಿ ನಾನೇ ಅಲ್ಲೇನು? ಈ ಸಲ ನೀ ಹೇಳೂ ತನಕ ಬಾಯಿ ತೆಗೀಬಾರದು ಅಂತ ಕುಂತೆ.”

ಆಗ ನಾನು ಯಂತ್ರದ ಕಥೆ ಹೇಳಿದೆ. ಹಸಿರು ಬಿಲ್ಲೆ, ಅಯಸ್ಕಾಂತ, ಡಾಕ್ಟರ್ ಹೇಳಿದ್ದು, ಮಾಂಸ ಕಟ್ಟಿ ನೋಡಿದ್ದು. ಅವರ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗಿ ಹೊಗೆ ಎದ್ದರೂ ಯಾರೂ ತೆಗೆಯಲಿಲ್ಲ.

“ಆ ಮಷೀನ್ ಮುಂದ ಈಗ ನಿಂದರಬ್ಯಾಡ ಅಂತ ಹೇಳಬೇಕು, ಹೇಳಬೇಕು ಅಂತ ದಿನಾ ಮುಂಜಾನಿ ನಿನ್ನ ಡಬ್ಬಿ ಕಟ್ಟೂಮುಂದ ಅನ್ಕೋತಿದ್ದೆ,” ಅಂದರು ಅತ್ತೆ. “ಹೇಳಿದ್ರ ನನಗ ಗೊತ್ತಾಗೇದ ಅಂತ ನಿನಗ ತಿಳೀತದ. ತಿಳದ್ರ ಮಾತು ಹೊರಗ ಬಿದ್ದಂಗಾಗ್ತದ. ನಜರು ತಾಗ್ತದ ಅಂತ ನಾಲಿಗಿ ಕಚ್ಚಿ ಕುಂತೆ.”

ಅವರ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನನ್ನ ಮೇಲೆ ಬಂತು. ಇಬ್ಬರು ಹೆಂಗಸರು ಒಂದೇ ಮಗುವನ್ನು ಕಾಯಲೆಂದು, ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಬಾಯಿ ಹೊಲಿದುಕೊಂಡು ಕೂತಿದ್ದೆವು. ಅತ್ತೆ ಹಿಟ್ಟಿನ ಕೈಯಿಂದಲೇ ನನ್ನ ಮುಖ ಹಿಡಿದುಕೊಂಡು ಅತ್ತರು. ಮರುದಿನ ಸಾಹೇಬರಿಗೆ ಹೇಳಿ ನಾನು ಬೇರೆ ಕೋಣೆಗೆ ಹೋದೆ.

ಅಳೆದು ನೋಡಿದ ಮೇಲೆ ಹೆದರಿಕೆ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹಗಲು ಲೆಕ್ಕ ನಂಬುತ್ತಿದ್ದೆ, ಮಲಗಿದ ಕೂಡಲೇ ಚಟಪಟ ಕೇಳುತ್ತಿತ್ತು. ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಡಾಕ್ಟರ್ ಮಗುವಿನ ಬೆನ್ನುಮೂಳೆಯ ಹತ್ತಿರವೇ ಸುಮಾರು ಹೊತ್ತು ನೋಡುತ್ತಿದ್ದರು. ನಾನು ತೆರೆಯನ್ನು ಬಿಟ್ಟು ಅವರ ಹುಬ್ಬನ್ನೇ ನೋಡುತ್ತಿದ್ದೆ. ಹುಬ್ಬು ಸ್ವಲ್ಪ ಕೂಡಿದರೂ ಸತ್ತೇಹೋಗುತ್ತೇನೆ ಅನ್ನಿಸಿತ್ತು. ಕೊನೆಗೆ, “ಸರಿ ಅದ, ಮಗ್ಗಲಾ ಬದಲಸ್ರಿ,” ಅಂದರು. ಸರಿ ಎಂದರೆ ಎಷ್ಟು ಸರಿ, ಸ್ಕ್ಯಾನಿನಲ್ಲಿ ಕಾಣದ್ದು ಇನ್ನೇನಿದೆ ಎಂದು ಕೇಳಿ ಕೇಳಿ ಅವರಿಗೂ ತಲೆ ಬೇನೆ ಹಚ್ಚಿದೆ.

ಹೇಳಿದ ದಿನಕ್ಕಿಂತ ಮೊದಲೇ ನೋವು ಬಂತು. ಆಯಿ ಚಿಂತಾಕಿಯಿಂದ ಬರುವಷ್ಟರಲ್ಲಿ ಬೀದರಿನಲ್ಲಿ ಹೆರಿಗೆ ಆಗಿಹೋಗಿತ್ತು. ಹೆರಿಗೆ ಕೋಣೆಯಲ್ಲಿ ನನ್ನ ಜೊತೆ ಇದ್ದವರು ಅತ್ತೆ. ನರ್ಸ್ ಮಗುವನ್ನು ಒಯ್ದು ತೊಳೆದು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತಂದರು. ಮೂಗು, ಬಾಯಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

“ಹೆಣ್ಣು ಅದ್ರಿ, ಲಕ್ಷಣ ಅದಾಳ,” ಅಂದರು ನರ್ಸ್.

“ಬಿಚ್ಚಿ ತೋರಸ್ರಿ.”

“ಕೂಸಿಗಿ ಥಂಡಿ ಆಗ್ತದ್ರಿ. ಆಮ್ಯಾಗ ನೋಡ್ರಿ.”

“ಬಿಚ್ಚಿ ತೋರಸ್ರಿ!” ಎಂದು ಕಿರುಚಿದೆ. ಅಷ್ಟು ನೋವು ತಿಂದ ಗಂಟಲಿನಿಂದ ಅಂಥ ದನಿ ಹೇಗೆ ಬಂತೋ. ನರ್ಸ್ ಬೆಚ್ಚಿ ಮಗುವನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟರು.

ಅತ್ತೆ ಮಗುವನ್ನು ನನ್ನ ಪಕ್ಕ ಮಲಗಿಸಿದರು. “ತೊಳಿಯೂಮುಂದ ನಾ ಬಾಜೂಕ ನಿಂತು ಎಲ್ಲಾ ನೋಡೇನಿ. ಕೈ, ಕಾಲು, ಬೆರಳು, ಬೆನ್ನು, ಬಾಯಾಗಿನ ತಾಳು. ಎಲ್ಲಾ ಛಲೋ ಅದ,” ಅಂದರು. ನನ್ನ ಮುಖ ನೋಡಿದರು. “ನಾ ಹೇಳಿದ್ರ ನಿನಗ ನಂಬಿಗಿ ಬರಂಗಿಲ್ಲ. ನೀನೇ ನೋಡ್ಕೋ.”

ಬಟ್ಟೆ ಬಿಚ್ಚಿದರು. ನೋಡಿದೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ, ಬೆನ್ನುಮೂಳೆಯ ಮೇಲೆ ಬೆರಳಾಡಿಸಿದೆ, ಬಾಯಿ ತೆರೆಸಿ ನೋಡಿದೆ. ಮಗು ಚಳಿಗೆ ಕೈಕಾಲು ಝಾಡಿಸಿ ಅಳತೊಡಗಿತು.

“ಇನ್ನೊಮ್ಮಿ ನೋಡ್ಲೇನ್ರಿ ಅತ್ತಿ?” ಅಂದೆ.

“ನೋಡು,” ಅಂದರು. ಮೇಲೆ ತಿರುಗುತ್ತಿದ್ದ ಫ್ಯಾನಿನ ಗಾಳಿಗೆ ತಮ್ಮ ಸೆರಗನ್ನು ಅಡ್ಡ ಹಿಡಿದು ನಿಂತರು. ನಾನು ಮತ್ತೆ ಹೆಬ್ಬೆರಳಿನಿಂದ ಶುರು ಮಾಡಿದೆ.